ವಿಂಡೋಸ್, ಲಿನಕ್ಸ್ ಎರಡೂ ಇರುವ ಲ್ಯಾಪ್‌ಟಾಪ್‌ಗೆ ಕರ್ನೆಲ್ ಕಂಪೈಲ್ ಮಾಡುವಾಗ ನಿದ್ರೆಯ ಯಾವ ಆಯ್ಕೆಗಳನ್ನು ಹಾಕಿಕೊಳ್ಳಬೇಕು?

ಮುಚ್ಚಿ ಚೀಲದಲ್ಲಿಟ್ಟ ಲ್ಯಾಪ್‌ಟಾಪ್ ಮನೆ ಸೇರುವಷ್ಟರಲ್ಲಿ ಬಿಸಿಯಾಗಿರುತ್ತದೆ, ಬ್ಯಾಟರಿ ಅರ್ಧ ಇಳಿದಿರುತ್ತದೆ, ಅದಕ್ಕೇ ಹೈಬರ್ನೇಶನ್ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದು ಯಂತ್ರವನ್ನು ಪೂರ್ತಿ ಆರಿಸುವ ನಿದ್ರೆ) ಸೇರಿಸಿ, ಲಿನಕ್ಸ್‌ನ ತಿರುಳಾದ ಕರ್ನೆಲ್ ಅನ್ನು ಆಕರದಿಂದ ಕಟ್ಟಿಕೊಳ್ಳುತ್ತೇನೆ, ಅಂದರೆ ಕಂಪೈಲ್ ಮಾಡುತ್ತೇನೆ ಎಂದಿದ್ದೀರಿ. ಹೈಬರ್ನೇಶನ್ ಹಾಕಬೇಡಿ. ಎರಡು ವ್ಯವಸ್ಥೆಗಳು ಒಂದೇ ಡಿಸ್ಕನ್ನು ಹಂಚಿಕೊಂಡಿರುವ ಯಂತ್ರದಲ್ಲಿ ಅದೊಂದನ್ನು ಹಾಕಲೇಬೇಡಿ.

2010ರ ಅಕ್ಟೋಬರ್ ತಿಂಗಳು. ಚಾಮರಾಜಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಮಗನ ಡಿಟಿಪಿ ಅಂಗಡಿ ಇತ್ತು. ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ, ಕಾಲೇಜು ಮುಗಿಸಿಕೊಂಡು ಹೋಗಿ ಅಣ್ಣನಿಗೆ ನೆರವಾಗುತ್ತಿದ್ದೆ. ಬಡಾವಣೆಯ ಕನ್ನಡ ಸಂಘವೊಂದರ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಕೆಲಸ ಕೈಯಲ್ಲಿತ್ತು. ಬೆಳಿಗ್ಗೆ ಅತ್ತಿಗೆ ವಿಂಡೋಸ್‌ನಲ್ಲಿ ನುಡಿ ತಂತ್ರಾಂಶ ತೆರೆದು ಲೇಖನಗಳನ್ನು ಟೈಪ್ ಮಾಡುತ್ತಿದ್ದರು. ಸಂಜೆ ನಾನು ಅದೇ ಕಂಪ್ಯೂಟರಿನಲ್ಲಿ ಲಿನಕ್ಸ್ ತೆರೆದು ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡುತ್ತಿದ್ದೆ. ಇಬ್ಬರ ಕಡತಗಳೂ ಒಂದೆಡೆ ಸೇರಲಿ ಎಂದು ಎರಡೂ ವ್ಯವಸ್ಥೆಗಳು ಓದಿ ಬರೆಯಬಲ್ಲ ಫ್ಯಾಟ್ 32 ವಿಭಾಗವೊಂದನ್ನು ಡಿಸ್ಕಿನಲ್ಲಿ ಮಾಡಿಟ್ಟಿದ್ದೆವು.

ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷವೂ ತಡೆಯುತ್ತಿರಲಿಲ್ಲ. ಅಷ್ಟರೊಳಗೆ ಎಲ್ಲವನ್ನೂ ಇದ್ದ ಹಾಗೆಯೇ ಮಲಗಿಸಿಬಿಡಬೇಕು ಎಂಬ ಆಸೆಯಿಂದ ಕರ್ನೆಲ್ ಅನ್ನು ನಾನೇ ಕಂಪೈಲ್ ಮಾಡಿದೆ. ಮೆನುವಿನಲ್ಲಿ ಹೈಬರ್ನೇಶನ್ ಎದುರು ಗುರುತು ಹಾಕಿದೆ, ಎಚ್ಚರಗೊಳ್ಳುವಾಗ ಹುಡುಕಬೇಕಾದ ಸ್ವಾಪ್ ವಿಭಾಗದ (ಮೆಮೊರಿಗೆ ಪೂರಕವಾಗಿ ಡಿಸ್ಕಿನಲ್ಲಿ ಎತ್ತಿಟ್ಟ ಜಾಗದ) ಹೆಸರನ್ನು ಅದರ ಕೆಳಗೇ ಬರೆದೆ. ಆ ವಿಷಯದ ಬಗ್ಗೆ ಕರ್ನೆಲ್ ಆಕರದ ಜೊತೆಗೇ ಬರುವ ದಾಖಲೆಯ ಆರಂಭದಲ್ಲೇ ದೊಡ್ಡ ಎಚ್ಚರಿಕೆಯೊಂದಿದೆ: ಮಲಗಿಸಿದ ಮೇಲೆ ಎಬ್ಬಿಸುವ ತನಕ ಡಿಸ್ಕಿನಲ್ಲಿ ಏನನ್ನು ಮುಟ್ಟಿದರೂ ನಿಮ್ಮ ದತ್ತಾಂಶದ ಆಸೆ ಬಿಡಿ ಎಂದು. ನಾನು ಅದನ್ನು ಓದಿರಲಿಲ್ಲ.

ಒಂದು ರಾತ್ರಿ ಕರೆಂಟ್ ಹೋಯಿತು. ಸ್ಕ್ಯಾನ್ ಮಾಡುವ ತಂತ್ರಾಂಶ ತೆರೆದಿರುವಾಗಲೇ ಲಿನಕ್ಸನ್ನು ಹೈಬರ್ನೇಟ್ ಮಾಡಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಬಂದರು. ನಿವೃತ್ತ ಮೇಷ್ಟ್ರು, ಎಪ್ಪತ್ತು ದಾಟಿದವರು. 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದಿದ್ದವರು. ಅದರ ನೆನಪುಗಳನ್ನು ಬರೆದುಕೊಂಡು ಬಂದಿರಲಿಲ್ಲ, ಕೈ ನಡುಗುತ್ತಿತ್ತು. ಅತ್ತಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬಾಯಲ್ಲೇ ಹೇಳುತ್ತಾ ಹೋದರು, ಅತ್ತಿಗೆ ಟೈಪ್ ಮಾಡುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಪುಟ ಆಯಿತು. ಹಂಚಿಕೆಯ ವಿಭಾಗದಲ್ಲೇ ಉಳಿಸಿ, ಕಂಪ್ಯೂಟರ್ ಆರಿಸಿ ಎದ್ದರು.

ಸಂಜೆ ನಾನು ಕಂಪ್ಯೂಟರ್ ಹಾಕಿ ಲಿನಕ್ಸ್ ತೆರೆದೆ. ಹಿಂದಿನ ರಾತ್ರಿಯ ಪರದೆ ಹಾಗೆಯೇ ಬಂದು ನಿಂತಿತು. ಎಷ್ಟು ಸಂತೋಷವಾಯಿತೆಂದರೆ ಅಣ್ಣನನ್ನು ಕರೆದು ತೋರಿಸಿದೆ. ಅಣ್ಣ ಕೇಳಿದ್ದು ಒಂದೇ ಮಾತು: “ಮೇಷ್ಟ್ರದ್ದು ಎಲ್ಲಿದೆ, ತೆಗೆ ನೋಡೋಣ.” ಪಟ್ಟಿಯಲ್ಲಿ ಆ ಕಡತ ಇರಲಿಲ್ಲ. “ಅತ್ತಿಗೆ ಬೇರೆ ಕಡೆ ಉಳಿಸಿರಬೇಕು ಅಣ್ಣ, ಆಮೇಲೆ ಹುಡುಕುತ್ತೇನೆ” ಎಂದೆ. ಹೇಳಿ, 42 ಫೋಟೋಗಳನ್ನು ಸ್ಕ್ಯಾನ್ ಮಾಡಿ ಅದೇ ವಿಭಾಗಕ್ಕೆ ಉಳಿಸಿದೆ.

ಅಲ್ಲಿ ನಡೆದದ್ದೇನು ಎಂಬುದನ್ನು ಬಿಡಿಸಿ ಹೇಳಬೇಕು. ಇದು ಅರ್ಥವಾಗದೆ ಯಾರೂ ಆ ಆಯ್ಕೆಯನ್ನು ಮುಟ್ಟಬಾರದು. ಹೈಬರ್ನೇಟ್ ಮಾಡಿದಾಗ ಕರ್ನೆಲ್ ಎಲ್ಲ ಕೆಲಸಗಳನ್ನೂ ತಡೆದು ನಿಲ್ಲಿಸಿ, ಮೆಮೊರಿಯ ಒಂದು ಪ್ರತಿಯನ್ನು ತೆಗೆದು ಸ್ವಾಪ್‌ಗೆ ಬರೆದು ಯಂತ್ರವನ್ನು ಆರಿಸುತ್ತದೆ. ಆ ಪ್ರತಿಯಲ್ಲಿ ತೆರೆದ ಕಿಟಕಿಗಳಷ್ಟೇ ಇರುವುದಿಲ್ಲ. ಡಿಸ್ಕಿನ ಯಾವ ಜಾಗ ಖಾಲಿ, ಯಾವುದು ಭರ್ತಿ ಎಂದು ಕರ್ನೆಲ್ ತಿಳಿದುಕೊಂಡಿದ್ದ ಲೆಕ್ಕವೂ ಇರುತ್ತದೆ. ಮತ್ತೆ ಎದ್ದಾಗ ಅದು ಡಿಸ್ಕನ್ನು ಹೊಸದಾಗಿ ಓದುವುದಿಲ್ಲ. ನಡುವೆ ಒಂದು ಬೆಳಗು ಕಳೆದಿದೆ, ಇನ್ನೊಬ್ಬರು ಬಂದು ಬರೆದು ಹೋಗಿದ್ದಾರೆ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಖಾಲಿ ನಿವೇಶನವೆಂದು ಹಳೆಯ ನಕ್ಷೆಯಲ್ಲಿ ನೋಡಿ, ಮನೆ ಕಟ್ಟಿಕೊಂಡು ಜನ ವಾಸವಾಗಿರುವ ಜಾಗವನ್ನೇ ಇನ್ನೊಬ್ಬರಿಗೆ ನೋಂದಣಿ ಮಾಡಿಕೊಟ್ಟ ಹಾಗೆ, ಮೇಷ್ಟ್ರ ಪುಟಗಳಿದ್ದ ಜಾಗವನ್ನು ನನ್ನ ಫೋಟೋಗಳಿಗೆ ಕೊಟ್ಟಿತು. ಯಾವ ಕಡತ ಎಲ್ಲಿದೆ ಎಂದು ಹೇಳುವ ಫ್ಯಾಟ್ ಕೋಷ್ಟಕದ ಹಳೆಯ ಪ್ರತಿಯನ್ನೂ ಡಿಸ್ಕಿಗೆ ಮರಳಿ ಬರೆದು, ಬೆಳಗಿನ ಕಡತದ ಕೊಂಡಿಗಳನ್ನು ಅಳಿಸಿಹಾಕಿತು.

ಕರ್ನೆಲ್‌ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕಡತ ಕಾಣದಿದ್ದ ಆ ಕ್ಷಣವೇ ಕೊನೆಯ ಅವಕಾಶವಾಗಿತ್ತು. ಏನನ್ನೂ ಉಳಿಸದೆ ಆಗಲೇ ಯಂತ್ರದ ವಿದ್ಯುತ್ ತೆಗೆದಿದ್ದರೆ ಬಹುಪಾಲು ಉಳಿಯುತ್ತಿತ್ತು. ನಾನು ಅತ್ತಿಗೆಯನ್ನು ಅನುಮಾನಿಸಿದೆ, ಯಂತ್ರವನ್ನು ಅನುಮಾನಿಸಲಿಲ್ಲ.

ಕಡತ ವ್ಯವಸ್ಥೆಯನ್ನು ರಿಪೇರಿ ಮಾಡುವ ಉಪಕರಣ ಓಡಿಸಿದ ಮೇಲೆ ಹೆಸರಿಲ್ಲದ ತುಣುಕುಗಳ ರಾಶಿ ಬಿತ್ತು. ನುಡಿಯ ಹಳೆಯ ಅಕ್ಷರಶೈಲಿಗಳು ಯೂನಿಕೋಡ್ ಅಲ್ಲ, ಅವುಗಳಲ್ಲಿ ಟೈಪ್ ಮಾಡಿದ ಕನ್ನಡ ಡಿಸ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲದಂತೆ ಕಾಣುತ್ತದೆ. ಯಾವುದು ಕಸ, ಯಾವುದು ಮೇಷ್ಟ್ರ ಮಾತು ಎಂದೇ ತಿಳಿಯಲಿಲ್ಲ. ಒಂದೊಂದು ತುಣುಕನ್ನೂ ವಿಂಡೋಸ್‌ಗೆ ಒಯ್ದು ಅಕ್ಷರಶೈಲಿ ಬದಲಿಸಿ ಅತ್ತಿಗೆ ಎರಡು ರಾತ್ರಿ ನೋಡಿದರು. ಮೂರು ಪುಟದಷ್ಟು ಸಿಕ್ಕಿತು.

ಈಗ ನಿಮ್ಮ ಲ್ಯಾಪ್‌ಟಾಪ್. ಬಿಸಿಯಾಗುವ ತೊಂದರೆಗೂ ಕಂಪೈಲ್ ಮಾಡುವುದಕ್ಕೂ ಸಂಬಂಧ ಕಡಿಮೆ. ಮೊದಲು /ಸಿಸ್/ಪವರ್/ಮೆಮ್_ಸ್ಲೀಪ್ ಕಡತವನ್ನು ತೆರೆದು ನೋಡಿ. ಅಲ್ಲಿ ‘ಎಸ್2ಐಡಲ್’ (ಹಗುರ ನಿದ್ರೆ) ಜೊತೆಗೆ ‘ಡೀಪ್’ (ಮೆಮೊರಿ ಬಿಟ್ಟು ಉಳಿದದ್ದು ಬಹುಪಾಲು ಆರುವ ನಿದ್ರೆ) ಇದ್ದರೆ, ಬೂಟ್ ಸಾಲಿನಲ್ಲಿ (ಯಂತ್ರ ಏಳುವಾಗ ಕರ್ನೆಲ್‌ಗೆ ಕೊಡುವ ಸೂಚನೆಗಳಲ್ಲಿ) ‘ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್’ ಎಂದು ಸೇರಿಸಿದರೆ ಸಾಕು, ಹೊಸ ಕರ್ನೆಲ್ ಬೇಡ. ‘ಡೀಪ್’ ಇಲ್ಲದಿದ್ದರೆ ನಿಮ್ಮ ಯಂತ್ರದೊಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಎಸ್3 ಎಂಬ ಆ ನಿದ್ರೆಯನ್ನು ಕೊಡುತ್ತಿಲ್ಲ ಎಂದರ್ಥ. ಕರ್ನೆಲ್‌ನಲ್ಲಿ ಯಾವ ಗುರುತು ಹಾಕಿದರೂ ಅದು ಹುಟ್ಟುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಅದಕ್ಕೊಂದು ಆಯ್ಕೆ ಇರುತ್ತದೆ, ಹುಡುಕಿ ನೋಡಿ. ಅದೂ ಇಲ್ಲದಿದ್ದರೆ ಎಸ್2ಐಡಲ್ ಅನ್ನೇ ಸರಿಪಡಿಸಿಕೊಳ್ಳಬೇಕು. ಅದರಲ್ಲಿ ಒಂದೇ ಒಂದು ಸಾಧನದ ಡ್ರೈವರ್ ಸರಿಯಾಗಿ ಮಲಗದಿದ್ದರೂ ಪ್ರೊಸೆಸರ್ ಆಳದ ನಿದ್ರೆಗೆ ಇಳಿಯುವುದಿಲ್ಲ, ಚೀಲ ಬಿಸಿಯಾಗುವುದು ಹೆಚ್ಚಾಗಿ ಹೀಗೆಯೇ.

ಕಂಪೈಲ್ ಮಾಡಿಯೇ ತೀರುವುದಾದರೆ ನಿದ್ರೆಯ (ಸಸ್ಪೆಂಡ್) ಆಯ್ಕೆಯನ್ನು ಇರುವಂತೆ ಬಿಟ್ಟು, ಹೈಬರ್ನೇಶನ್ ಗುರುತು ಹಾಕದೆ, ಪವರ್ ಮ್ಯಾನೇಜ್‌ಮೆಂಟ್‌ನ ಡೀಬಗ್ ಬೆಂಬಲವನ್ನು ಸೇರಿಸಿ. ಆಗ /ಸಿಸ್/ಪವರ್/ಪಿಎಂ_ಟೆಸ್ಟ್ ಎಂಬ ಕಡತ ಸಿಗುತ್ತದೆ. ಅದಕ್ಕೆ ‘ಫ್ರೀಜರ್’, ‘ಡಿವೈಸಸ್’, ‘ಪ್ಲಾಟ್‌ಫಾರ್ಮ್’ ಎಂದು ಒಂದೊಂದನ್ನೇ ಬರೆದು ಮಲಗಿಸಿ. ಯಂತ್ರ ಆ ಹಂತದವರೆಗೆ ಹೋಗಿ 5 ಸೆಕೆಂಡು ಕಾದು ಹಿಂತಿರುಗುತ್ತದೆ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿದೆ ನಿಮ್ಮ ತೊಂದರೆ.

ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಅನ್ನು ಇಂದೇ ತೆಗೆಯಿರಿ. ವಿಂಡೋಸ್ 8ರಿಂದ ಈಚೆಗೆ, ಅದು ಇದ್ದರೆ ‘ಶಟ್‌ಡೌನ್’ ಎಂದರೂ ವಿಂಡೋಸ್‌ನ ಕರ್ನೆಲ್ ಹೈಬರ್ನೇಟ್ ಆಗಿಯೇ ಇರುತ್ತದೆ. ಅತ್ತಿಗೆಯ ಬೆಳಗು ನನ್ನ ಲೆಕ್ಕಕ್ಕೆ ಸಿಗದ ಹಾಗೆಯೇ, ಲಿನಕ್ಸ್‌ನಲ್ಲಿ ನೀವು ಬರೆದದ್ದು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಮುಂದೊಂದು ದಿನ ಲಿನಕ್ಸ್ ಒಂದನ್ನೇ ಉಳಿಸಿಕೊಂಡರೆ ಹೈಬರ್ನೇಶನ್ ಬಗ್ಗೆ ಮತ್ತೆ ಕೇಳಿ, ಆಗ ಬೇರೆ ಉತ್ತರ ಕೊಡುತ್ತೇನೆ.

ಮೇಷ್ಟ್ರಿಗೆ ವಿಷಯ ತಿಳಿಸಲು ಅಣ್ಣ ನನ್ನನ್ನೇ ಕಳುಹಿಸಿದ. ಅವರು ಬೈಯಲಿಲ್ಲ. “ಪರವಾಗಿಲ್ಲಪ್ಪ, ಮತ್ತೆ ಹೇಳುತ್ತೇನೆ” ಎಂದು ಮರುದಿನ ಬಂದು ಕುಳಿತರು. ಈ ಸಲ ಬೇಗ ಆಯಾಸವಾಯಿತು, ಸಿಕ್ಕಿದ ಮೂರು ಪುಟವೂ ಸೇರಿ ಐದು ಪುಟ ಅಚ್ಚಾಯಿತು. ಮೊದಲ ಬಾರಿ ಹೇಳುವಾಗ ಮೆರವಣಿಗೆಯಲ್ಲಿ ತಮ್ಮ ಜೊತೆಗಿದ್ದವರನ್ನೆಲ್ಲ ಹೆಸರು ಹಿಡಿದು ಹೇಳಿದ್ದರಂತೆ, ಅತ್ತಿಗೆಗೆ ನೆನಪಿತ್ತು. ಅಚ್ಚಾದ ಪುಟಗಳಲ್ಲಿ ಆ ಹೆಸರುಗಳಿಲ್ಲ.