ಓದುಗರ ಪ್ರಶ್ನೆ: ಮೆಟ್ಟಿಲಡಿಯ ಕೋಣೆಯಲ್ಲಿ ಕುಳಿತ ಮುಖ್ಯಮಂತ್ರಿ

ಪ್ರಶ್ನೆ: ಸಿಂಗಪುರದ ಮೊದಲ ಮುಖ್ಯಮಂತ್ರಿ ಒಬ್ಬ ಯೆಹೂದಿ ವಕೀಲರಾಗಿದ್ದರೆಂದು ಇತ್ತೀಚೆಗೆ ತಿಳಿಯಿತು. ಚೀನೀಯರೇ ಬಹುಸಂಖ್ಯಾತರಾಗಿರುವ ಊರಿನಲ್ಲಿ ಅವರು ಆ ಹುದ್ದೆಗೆ ಏರಿದ್ದು ಹೇಗೆ? ಅಷ್ಟು ಬೇಗ ಬಿಟ್ಟುಕೊಟ್ಟಿದ್ದೇಕೆ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಕೇಳುತ್ತಿರುವುದು ಡೇವಿಡ್ ಮಾರ್ಷಲ್ ಅವರ ಬಗ್ಗೆ. ಬಾಗ್ದಾದ್ ಮೂಲದ ಯೆಹೂದಿ ಕುಟುಂಬದಲ್ಲಿ, 1908ರಲ್ಲಿ, ಸಿಂಗಪುರದಲ್ಲಿಯೇ ಹುಟ್ಟಿದ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು ವಕೀಲಿ ಆರಂಭಿಸಿದರು. ಸ್ವಯಂಸೇವಕ ದಳಕ್ಕೆ ಸೇರಿದ್ದ ಅವರು ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆ ಸಿಕ್ಕು, ಹೊಕ್ಕೈಡೊದ ಚಳಿಯಲ್ಲಿ ಕೂಲಿ ಮಾಡಿದರು. ಮರಳಿ ಬಂದ ಮೇಲೆ ಕೊಲೆ ಮೊಕದ್ದಮೆಗಳಲ್ಲಿ ಆರೋಪಿಗಳ ಪರ ವಾದಿಸಿ ಮನೆಮಾತಾದರು.

ಸಿಂಗಪುರ ಆಗ ಬ್ರಿಟಿಷರ ವಸಾಹತು. 1955ರ ಚುನಾವಣೆಯ ವೇಳೆಗೆ ಚೀನಾದಲ್ಲಿ ಹುಟ್ಟಿ ಸಿಂಗಪುರಕ್ಕೆ ಬಂದಿದ್ದ ಲಕ್ಷಾಂತರ ಜನರಿಗೆ ಪೌರತ್ವವಿರಲಿಲ್ಲವಾದ್ದರಿಂದ ಮತದಾನದ ಹಕ್ಕೂ ಇರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಚುನಾಯಿತ 25 ಸ್ಥಾನಗಳಲ್ಲಿ ಮಾರ್ಷಲ್ಲರ ಲೇಬರ್ ಫ್ರಂಟ್ ಪಕ್ಷಕ್ಕೆ ದಕ್ಕಿದ್ದು 10 ಮಾತ್ರ. ಇತರರ ಬೆಂಬಲ ಪಡೆದು ಸರ್ಕಾರ ರಚಿಸಬೇಕಾಯಿತು. ಬೆನ್ನಿಗೆ ಸ್ವಂತ ಸಮುದಾಯದ ಮತಬಲವಿಲ್ಲದ ಮನುಷ್ಯನಿಗೆ ಇದ್ದ ಬಂಡವಾಳವೆಂದರೆ ಮಾತು. ಎಂಪ್ರೆಸ್ ಪ್ಲೇಸ್‌ನಲ್ಲಿ, ‘ಹಳೆಯ ಸೇಬಿನ ಮರ’ ಎಂದು ಕರೆಯಲಾಗುತ್ತಿದ್ದ ಮರದ ಕೆಳಗೆ ನಿಂತು ಅವರು ಭಾಷಣ ಮಾಡುತ್ತಿದ್ದರು. ಗೆದ್ದ ಮೇಲೆ ಬ್ರಿಟಿಷ್ ಅಧಿಕಾರಿಗಳು ಮುಖ್ಯಮಂತ್ರಿಗೆ ಕಚೇರಿಯನ್ನೇ ಕೊಡಲು ಹಿಂದೆ ಮುಂದೆ ನೋಡಿದಾಗ, ಅದೇ ಮರದಡಿ ಮೇಜು ಹಾಕಿಕೊಂಡು ಕೂರುತ್ತೇನೆಂದು ಬೆದರಿಸಿದರು. ಕೊನೆಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ. ಆ ಕೋಣೆಯೇ ಅಂದಿನ ಸಂವಿಧಾನದ ನಿಜವಾದ ನಕ್ಷೆ ಎಂದು ನನಗೆ ಅನ್ನಿಸುತ್ತದೆ: ಹೆಸರು ಮುಖ್ಯಮಂತ್ರಿಯದು, ಬೀಗದ ಕೈ ಗವರ್ನರನದು.

ಬೆದರಿಕೆ ಹಾಕಿ ಪಟ್ಟು ಸಾಧಿಸುವುದು ಅವರಿಗೆ ಒಗ್ಗಿದ ದಾರಿ. ಹೆಚ್ಚುವರಿ ಸಹಾಯಕ ಮಂತ್ರಿಗಳನ್ನು ನೇಮಿಸಲು ಗವರ್ನರ್ ಒಪ್ಪದಿದ್ದಾಗ ರಾಜೀನಾಮೆಯ ಮಾತೆತ್ತಿ, ಆ ಸಣ್ಣ ಜಗಳವನ್ನೇ ಸ್ವಯಮಾಡಳಿತದ ಬೇಡಿಕೆಯಾಗಿ ಬೆಳೆಸಿ, ಲಂಡನ್ ಮಾತುಕತೆಗೆ ಬ್ರಿಟನ್ ಒಪ್ಪುವಂತೆ ಮಾಡಿದರು. ಆದರೆ ಸ್ವಯಮಾಡಳಿತ ಸಿಗದಿದ್ದರೆ ಹುದ್ದೆ ಬಿಡುತ್ತೇನೆಂದು ಘೋಷಿಸಿ 1956ರಲ್ಲಿ ಲಂಡನ್ನಿಗೆ ಹೊರಟಾಗ, ಅದೇ ಅಸ್ತ್ರ ಅವರ ಕಡೆಗೇ ತಿರುಗಿತು. ಆಂತರಿಕ ಭದ್ರತೆಯ ಅಂತಿಮ ಅಧಿಕಾರವನ್ನು ಬ್ರಿಟನ್ ಬಿಟ್ಟುಕೊಡಲಿಲ್ಲ, ಮಾತುಕತೆ ಮುರಿದುಬಿತ್ತು, ಜೂನ್‌ನಲ್ಲಿ ಮಾರ್ಷಲ್ ಹೇಳಿದಂತೆಯೇ ಇಳಿದರು. ಮರುವರ್ಷ ಅವರ ಉತ್ತರಾಧಿಕಾರಿ ಲಿಮ್ ಯೂ ಹಾಕ್, ಸಿಂಗಪುರದ ಆಂತರಿಕ ಭದ್ರತೆಯನ್ನು ನಿರ್ಧರಿಸುವ ಮಂಡಳಿಯಲ್ಲಿ ನಿರ್ಣಾಯಕ ಮತವನ್ನು ನೆರೆಯ ಮಲಯಾದ ಪ್ರತಿನಿಧಿಗೆ ಕೊಡುವ ರಾಜಿಗೆ ಒಪ್ಪಿ ಕೆಲಸ ಸಾಧಿಸಿದರು. ಸೋತ ಮೊಕದ್ದಮೆಯಿಂದ ವಕೀಲನ ಮಾನವೇನೂ ಹೋಗುವುದಿಲ್ಲ, ಮರುದಿನ ಇನ್ನೊಂದು ಕಡತ ಬಿಚ್ಚಬಹುದು. ರಾಜಕಾರಣಿ ಪಣಕ್ಕಿಟ್ಟ ಕುರ್ಚಿ ಹಾಗಲ್ಲ. ನನ್ನ ಮಟ್ಟಿಗೆ ಅವರು ತಪ್ಪಿದ್ದು ಲಂಡನ್ನಿನ ಮೇಜಿನಲ್ಲಲ್ಲ, ಹೊರಡುವ ಮುನ್ನ ಆಡಿದ ಮಾತಿನಲ್ಲಿ.

ಪ್ರಶ್ನೆ: ಆಮೇಲೆ ಅವರು ರಾಜಕೀಯ ಬಿಟ್ಟರೇ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಇಲ್ಲ. 1957ರಲ್ಲಿ ವರ್ಕರ್ಸ್ ಪಾರ್ಟಿ ಸ್ಥಾಪಿಸಿದರು, 1961ರಲ್ಲಿ ಆನ್ಸನ್ ಕ್ಷೇತ್ರದ ಉಪಚುನಾವಣೆ ಗೆದ್ದರು, 1963ರಲ್ಲಿ ಸೋತರು. 1969ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಅವರ ಸರ್ಕಾರ, ಸಾಮಾನ್ಯ ನಾಗರಿಕರ ತಂಡ ಕೂತು ತೀರ್ಪು ಹೇಳುವ ಜ್ಯೂರಿ ಪದ್ಧತಿಯನ್ನು ಪೂರ್ತಿಯಾಗಿ ತೆಗೆದುಹಾಕಲು ಹೊರಟಾಗ ಗಟ್ಟಿಯಾಗಿ ವಿರೋಧಿಸಿದರು. ಅದೇ ಪಕ್ಷದ ಸರ್ಕಾರ 1978ರಲ್ಲಿ ಅವರನ್ನು ರಾಯಭಾರಿಯಾಗಿ ಪ್ಯಾರಿಸ್‌ಗೆ ಕಳುಹಿಸಿದ್ದು, 1993ರವರೆಗೂ ಅಲ್ಲಿಯೇ ಉಳಿಸಿಕೊಂಡಿದ್ದು ಸೋಜಿಗವೇ. 1995ರಲ್ಲಿ ತೀರಿಕೊಂಡರು. ಅವರು ಆರಂಭಿಸಿದ, ಸಾಮಾನ್ಯರು ನೇರವಾಗಿ ಬಂದು ಅಹವಾಲು ಹೇಳಿಕೊಳ್ಳುವ ಭೇಟಿಯ ಪದ್ಧತಿಯನ್ನು ಸಿಂಗಪುರದ ಸಂಸದರು ಇಂದಿಗೂ ನಡೆಸುತ್ತಾರೆ.