ಶಾಲೆ 5ಎಯಿಂದ 6ಎಗೆ ಹೋದರೆ

ಟೆಕ್ಸಾಸ್‌ನಲ್ಲಿ ಮಗಳ ಶಾಲೆ ಆಟದ ವಿಭಾಗಗಳಲ್ಲಿ 5ಎಯಿಂದ 6ಎಗೆ ಹೋಗಿದೆ, ಇದು ವಾಲಿಬಾಲ್ ತಂಡ ಚೆನ್ನಾಗಿ ಆಡಿದ್ದಕ್ಕೆ ಸಿಕ್ಕ ಬಡ್ತಿಯಾ ಅಂತ ಕೇಳಿದ್ದೀರಿ. ಅಲ್ಲ ಮೇಡಂ. ಗೆಲುವು ಸೋಲಿಗೂ ಇದಕ್ಕೂ ಸಂಬಂಧ ಇಲ್ಲ. ಮುಖ್ಯವಾಗಿ ನೋಡುವುದು ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನೋದನ್ನು. ಟೆಕ್ಸಾಸ್‌ನ ಶಾಲಾ ಆಟಗಳನ್ನು ನಡೆಸುವ ಸಂಸ್ಥೆ ಯುಐಎಲ್ ಎರಡು ವರ್ಷಕ್ಕೊಮ್ಮೆ ಅಕ್ಟೋಬರ್ ಕೊನೆಯ ಲೆಕ್ಕ ಹಿಡಿದು ಶಾಲೆಗಳನ್ನು 1ಎಯಿಂದ 6ಎವರೆಗೆ ಹಂಚುತ್ತದೆ. ಹೊಸ ಪಟ್ಟಿ ಬರುವುದು ಫೆಬ್ರವರಿ ಶುರುವಿನಲ್ಲಿ. 2024ರಲ್ಲಿ 6ಎಗೆ ಗೆರೆ ಇದ್ದದ್ದು 2,275 ಮಕ್ಕಳಿಗೆ. ಸುತ್ತಮುತ್ತ ಹೊಸ ಮನೆಗಳು ಎದ್ದರೆ ಸಾಕು, ಶಾಲೆ ಆ ಗೆರೆ ದಾಟಿಬಿಡುತ್ತದೆ.

ನಿಮಗೆ ನಿಜವಾಗಿ ತಟ್ಟುವುದು 6ಎ ಅನ್ನೋ ಹೆಸರಲ್ಲ, ಡಿಸ್ಟ್ರಿಕ್ಟ್, ಅಂದ್ರೆ ಒಂದೇ ವಿಭಾಗದಲ್ಲಿ ತಮ್ಮತಮ್ಮಲ್ಲೇ ಆಡುವ ಶಾಲೆಗಳ ಗುಂಪು. ಅದರಲ್ಲಿ ಯಾವ ಯಾವ ಶಾಲೆಗಳಿವೆ ನೋಡಿ. ಪ್ಲೇಆಫ್‌ಗೆ, ಅಂದ್ರೆ ಮುಂದಿನ ನಾಕೌಟ್ ಸುತ್ತಿಗೆ, ಹೋಗುವುದು ಆ ಗುಂಪಿನ ಮೊದಲ ನಾಲ್ಕು ತಂಡ ಮಾತ್ರ. ಬಲವಾದ ಶಾಲೆಗಳ ನಡುವೆ ಬಿದ್ದರೆ ಒಳ್ಳೆಯ ತಂಡವೂ ಐದನೆಯದಾಗಿ ಮನೆಗೆ ಬರುತ್ತದೆ. ಅದು ಮಕ್ಕಳಿಗೆ ತುಂಬಾ ನೋವು ಕೊಡುತ್ತದೆ.

ಇನ್ನೊಂದು, ಬಸ್ಸಿನ ದೂರ. ನನ್ನ ಮಗಳ ಶಾಲೆಯ ಡಿಸ್ಟ್ರಿಕ್ಟ್ ಬದಲಾದ ವರ್ಷ ಮಂಗಳವಾರ ರಾತ್ರಿ ಹನ್ನೊಂದರವರೆಗೂ ಶಾಲೆಯ ಪಾರ್ಕಿಂಗ್‌ನಲ್ಲಿ ಕಾಯುತ್ತಿದ್ದೆ, ಪಕ್ಕದ ಸೀಟಿನಲ್ಲಿ ಮೊಸರನ್ನದ ಸ್ಟೀಲ್ ಡಬ್ಬಿ ಇಟ್ಟುಕೊಂಡು. ಮೊಣಕಾಲಿನ ಪ್ಯಾಡ್ ಕೂಡ ಬಿಚ್ಚದೆ ತಿನ್ನುತ್ತಿದ್ದಳು. ಹೋಮ್‌ವರ್ಕ್ ಬಸ್ಸಿನಲ್ಲೇ ಮುಗಿದಿರುತ್ತಿತ್ತು, ಇಲ್ಲಾಂದ್ರೆ ಇಲ್ಲ.

ಕೋಚ್ ಹತ್ತಿರ ಹೊರಗಿನ ಪಂದ್ಯಗಳ ಪಟ್ಟಿ ಈಗಲೇ ಕೇಳಿ. ಪರೀಕ್ಷೆಯ ಹಿಂದಿನ ದಿನ ದೂರದ ಪಂದ್ಯ ಇದ್ದರೆ ಟೀಚರ್‌ಗೆ ಮೊದಲೇ ಹೇಳಿಡಿ.