ಮರ ಯಾರದ್ದು ಎಂದು ಮೊದಲು ಕೇಳಿ

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ: “ಕಾಫಿ ತೋಟದ ಮಾಲೀಕರು ದುರಾಸೆಗೆ ಬಿದ್ದು ಕಾಡುಮರ ಕಡಿಸಿ ಸಿಲ್ವರ್ ಓಕ್ ನೆಡುತ್ತಿದ್ದಾರೆ. ಹತ್ತು ವರ್ಷ ಮರ ಕಡಿಯುವುದನ್ನೇ ನಿಷೇಧಿಸಿ, ಕೊಡಗಿನ ಎಲ್ಲ ತೋಟಕ್ಕೂ ಒಂದೇ ಯೋಜನೆ ಮಾಡಬಾರದೇಕೆ? ಅಂದಹಾಗೆ, ನಿಮಗೂ ತೋಟವಿದೆಯೇ?”

ಉತ್ತರ: ದುರಾಸೆಯವರು ಇಲ್ಲವೆನ್ನಲಾರೆ. ಕೆಲವು ಲಾರಿಗಳು ರಾತ್ರಿಯೇ ಏಕೆ ಹೊರಡುತ್ತವೆ ಎಂಬುದು ನನಗೂ ಗೊತ್ತು. ನಿಮ್ಮ ಸಿಟ್ಟಿನ ಹಿಂದಿನ ಕಾಳಜಿಗೆ ನಮಸ್ಕಾರ. ಆದರೆ ‘ಮಾಲೀಕರು’ ಎಂದು ಒಂದೇ ಗಂಟು ಕಟ್ಟಿಬಿಟ್ಟಿರಲ್ಲ, ತಕರಾರು ಅಲ್ಲಿದೆ.

ಕಳೆದ ವರ್ಷ ಪಕ್ಕದ ತೋಟದಲ್ಲಿ ಕಳೆ ತೆಗೆಸುತ್ತಿದ್ದರು. ಕಾಫಿ ಗಿಡದ ಮಗ್ಗುಲಲ್ಲಿ ಮೊಣಕಾಲೆತ್ತರದ ಬೀಟೆ ಸಸಿ. ಎಪ್ಪತ್ತು ದಾಟಿದ ಮಾಲೀಕರು ತಾವೇ ಬಗ್ಗಿ ಅದರ ಬುಡಕ್ಕೆ ಕತ್ತಿಯಲ್ಲಿ ಒಂದೇಟು ಹಾಕಿದರು. “ಏನಣ್ಣ ಇದು?” ಎಂದೆ. “ಈಗ ಇದು ನಂದು. ದೊಡ್ಡದಾದ್ರೆ ಸರ್ಕಾರದ್ದು,” ಎಂದು ಕತ್ತಿಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಇದೇ ಮನುಷ್ಯ ಊರಿನ ದೇವರಕಾಡಿನಿಂದ ಒಂದು ಒಣ ಪುಳ್ಳೆಯನ್ನೂ ಮನೆಗೆ ತಂದವರಲ್ಲ. ಈಗ ಹೇಳಿ, ಇವರು ಮರದ ವೈರಿಯೋ, ಭಕ್ತರೋ?

ಅವರ ಮಾತಿನ ಬೇರು ಬಾಣೆಯ ಹಳೆಯ ಲೆಕ್ಕದಲ್ಲಿದೆ. ಬಾಣೆಯೆಂದರೆ ಗದ್ದೆಯ ಜೊತೆಗೆ ಬಂದ ಜಾಗ. ಸೊಪ್ಪು, ಸೌದೆ, ದನದ ಮೇವಿಗೆಂದು ಬಿಟ್ಟದ್ದು. ಅದರಲ್ಲಿ ‘ರಿಡೀಮ್’ ಆಗದ, ಅಂದರೆ ಸರ್ಕಾರಕ್ಕೆ ಹಣ ತೆತ್ತು ಮರದ ಹಕ್ಕು ಬಿಡಿಸಿಕೊಳ್ಳದ, ಬಾಣೆಯ ಮರಕ್ಕೆ ಸರ್ಕಾರದ ಹಕ್ಕಿದೆ. ಆ ಬೆಲೆ ತೆರದೆ ಮಾಲೀಕ ಅದನ್ನು ಮಾರುವಂತಿಲ್ಲ. ಇನ್ನು 1976ರ ಮರ ಸಂರಕ್ಷಣಾ ಕಾಯ್ದೆ ಕಡಿಯಲು ಅನುಮತಿ ಬೇಕೆನ್ನುತ್ತದೆ, ಆದರೆ ಸಿಲ್ವರ್ ಓಕ್‌ಗೆ ವಿನಾಯಿತಿ ಕೊಟ್ಟಿದೆ. ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಬಾಗಿಲು ತೆರೆದು, ಇಲ್ಲೇ ಹುಟ್ಟಿದ ನಂದಿ, ಹೊನ್ನೆ, ಬೀಟೆಗೆ ಅಗುಳಿ ಹಾಕಿದರೆ ಬೆಳೆಗಾರ ಯಾವುದನ್ನು ನೆಡುತ್ತಾನೆ? ಸಿಲ್ವರ್ ಓಕ್ ನೇರ ಏರುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ, ಬೇಕಾದಾಗ ಕಾಸಾಗುತ್ತದೆ.

ಒಂದೇ ಒಕ್ಕದೊಳಗೂ, ಅಂದರೆ ಒಂದೇ ಕೊಡವ ಮನೆತನದೊಳಗೂ, ಮನಸ್ಸು ಒಂದಿಲ್ಲ. ನಾನು ಬಲ್ಲ ಮನೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರು. ಹಿರಿಯರಿಗೆ ಮರವೆಂದರೆ ಮಗಳ ಮದುವೆಯ ಗಂಟು. ಬೆಂಗಳೂರಿನಲ್ಲಿರುವ ಎರಡನೆಯವರು ರಜೆಗೆ ಬಂದಾಗ ಮಲಬಾರ್ ದಾಸಮಂಗಟ್ಟೆ ಹಕ್ಕಿ ಕಂಡರೆ ಸಾಕು, ಒಂದು ಕೊಂಬೆಯನ್ನೂ ಮುಟ್ಟಗೊಡರು. ಮರಗಸಿಯ, ಅಂದರೆ ನೆರಳು ಮರದ ಕೊಂಬೆ ಸವರಿಸುವ ಕೆಲಸದ, ಕೂಲಿ ಕೊಡುವವನು ಮಾತ್ರ ಮನೆಯಲ್ಲಿರುವ ಕಿರಿಯ. ಹಂಚಿಕೆಯಾಗದ ಜಾಗ, ಸಹಿ ಎಲ್ಲರದ್ದೂ ಬೇಕು. ವ್ಯಾಪಾರಿ ಹಗ್ಗ ಹಿಡಿದು ಸುತ್ತಳತೆ ತೆಗೆದುಕೊಂಡು ಹೋಗಿ ವರ್ಷ ಕಳೆಯಿತು. ಇವರಿಗೆ ನಿಮ್ಮ ‘ಒಂದೇ ಯೋಜನೆ’ ಹೇಗೆ ಹೊಲಿಯುತ್ತೀರಿ?

ಫಿನ್‌ಲೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಡು ಸಾಮಾನ್ಯ ಮನೆತನಗಳ ಕೈಯಲ್ಲಿದೆ. ಅಲ್ಲಿಯ ಸಂಶೋಧಕರು ಮರ ಎಣಿಸಿ ಸುಮ್ಮನಾಗಲಿಲ್ಲ, ಮಾಲೀಕರನ್ನೂ ಓದಿದರು: ಕಾಡನ್ನು ಹೂಡಿಕೆಯೆಂದು ನೋಡುವವರು, ಅದರಲ್ಲೇ ದುಡಿದು ಉಣ್ಣುವವರು, ಅಡ್ಡಾಡಲು ಇಟ್ಟುಕೊಂಡವರು, ಎಲ್ಲವೂ ಬೇಕೆನ್ನುವವರು. ಯಾರು ಯಾವಾಗ ಎಷ್ಟು ಕಡಿಯುತ್ತಾರೆಂಬುದು ಇದರ ಮೇಲೂ ನಿಂತಿದೆಯೆಂದು ಕಂಡುಕೊಂಡರು. ನಮ್ಮಲ್ಲಿ ಅರ್ಜಿ ನಮೂನೆಯಲ್ಲಿ ಸರ್ವೆ ನಂಬರಿಗೆ ಜಾಗವಿದೆ, ಮರದ ಜಾತಿಗೆ ಜಾಗವಿದೆ. ‘ನಿಮಗೇನು ಬೇಕು ಸ್ವಾಮಿ’ ಎಂಬ ಒಂದು ಸಾಲಿಲ್ಲ. ಬೆಳೆಗಾರನನ್ನು ಕರೆಯುವುದು ವಿಚಾರ ಸಂಕಿರಣದ ಕುರ್ಚಿ ತುಂಬಲು, ಆಮೇಲೆ ಊಟದ ಕೂಪನ್ ಕೊಟ್ಟು ಕಳಿಸಲು.

ನಿಮ್ಮ ಕೊನೆಯ ಪ್ರಶ್ನೆ. ಇದೆ, ನಾಲ್ಕು ಎಕರೆ. ಒಂದು ಮಳೆಗಾಲ ಗಾಳಿಗೆ ನಂದಿ ಮರವೊಂದು ಬಿತ್ತು. ಸಾಗಿಸಲು ಕಾಗದ ಕೈಗೆ ಬರುವ ಹೊತ್ತಿಗೆ ಹೊರಮೈ ಗೆದ್ದಲಿಗಾಗಿ, ಮೇಲೆ ಅಣಬೆ ಎದ್ದಿತ್ತು. ಅದು ನಿಂತಿದ್ದ ಜಾಗದಲ್ಲಿ ಈಗ ಆರು ಸಿಲ್ವರ್ ಓಕ್ ಇವೆ. ನೆಟ್ಟವನು ನಾನೇ.